ಅಪ್ಪನಿಗೆ ಗೊತ್ತಿದ್ದ ಪೀಸು

ಇಂಗ್ಲಿಷಿನ ಒಂದು ಶಬ್ದ ಕಿವಿಗೆ ಬಿದ್ದರೆ ಈಗಲೂ ನನಗೆ ಬಾಯಲ್ಲಿ ನೀರೊಡೆಯುತ್ತದೆ. ಆಸೆಯ ನೀರಲ್ಲ, ವಾಂತಿಗೆ ಮುಂಚೆ ನಾಲಗೆಯ ಬುಡದಲ್ಲಿ ಕೂಡುವ ನೀರು. ಶಬ್ದದ ತಪ್ಪೇನೂ ಇಲ್ಲ. ಸಣ್ಣ ಮಗುವಿನ ಬಾಯಿಗೂ ಸಲೀಸಾಗಿ ಬರುವ ಸಾಧು ಶಬ್ದ ಅದು. ಅದನ್ನು ಹೊಲಸು ಮಾಡಿದ್ದು ಮನುಷ್ಯರ ಬಾಯಿ. ಆ ಶಬ್ದ ಪೀಸು.

ಇಳಕಲ್ಲಿನ ಪೇಟೆಯಲ್ಲಿ ಅಪ್ಪನದೊಂದು ಸಣ್ಣ ಅರಿವೆ ಅಂಗಡಿ ಇತ್ತು. ಮನೆಯ ಮುಂದಿನ ಕೋಣೆಯೇ ಅಂಗಡಿ. ಅದಕ್ಕೊಂದು ಪರದೆ, ಪರದೆ ಸರಿಸಿದರೆ ಪಡಸಾಲೆ, ಅದರ ಪಕ್ಕಕ್ಕೆ ಅಡುಗೆಮನೆ. ಅಡುಗೆಮನೆಯಲ್ಲಿ ರೊಟ್ಟಿ ತಟ್ಟುವವರಿಗೆ ಅಂಗಡಿಯ ಮಾತೆಲ್ಲ ಕೇಳುತ್ತಿತ್ತು. ನಮ್ಮ ಊರಿಗೆ ಹೆಸರು ತಂದದ್ದು ಸೀರೆ, ಆದರೆ ಸೀರೆ ತುಂಬಿಸಿಟ್ಟು ಮಾರುವಷ್ಟು ದೊಡ್ಡವನಾಗಿರಲಿಲ್ಲ ನಮ್ಮಪ್ಪ. ದೊಡ್ಡ ಅಂಗಡಿಗಳಲ್ಲಿ ಅರಿವೆ ಸುತ್ತಿದ ಥಾನಿನ ಕೊನೆಗೆ ಉಳಿದ ತುಂಡುಗಳನ್ನು ತಂದು ಮಾರುತ್ತಿದ್ದ. ಬಾಗಿಲ ಮೇಲೆ ಹಳದಿ ಬಣ್ಣದಲ್ಲಿ 'ಕಟ್‌ಪೀಸ್ ಅಂಗಡಿ' ಎಂದು ಬರೆಸಿದ್ದ. ಒಳಗಿನ ಗೋಡೆಯ ಮೇಲೆ, 'ಕತ್ತರಿಸಿದ ಮಾಲು ವಾಪಸ್ ತೆಗೆದುಕೊಳ್ಳುವುದಿಲ್ಲ' ಎಂದಿತ್ತು.

ಅಪ್ಪ ಮೂರನೆಯ ಇಯತ್ತೆಗೇ ಸಾಲಿ ಬಿಟ್ಟವನು. ಅವನಿಗೆ ಬರುತ್ತಿದ್ದ ಇಂಗ್ಲಿಷ್ ಎಂದರೆ ಈ ಒಂದು ಶಬ್ದ. ಕುಪ್ಪಸಕ್ಕೆ ಜಂಪರ್ ಪೀಸು, ಶರ್ಟ್ ಪೀಸು, ಪ್ಯಾಂಟ್ ಪೀಸು. ಹೊಸ ತುಂಡು ಬಂದರೆ ಎರಡು ಬೆರಳ ನಡುವೆ ತಿಕ್ಕಿ ನೋಡುವನು, ಬೆಳಕಿಗೆ ಹಿಡಿಯುವನು, ಮೂಗಿಗೆ ಹಚ್ಚುವನು. ಆಮೇಲೆ ಅವ್ವನನ್ನು ಕೂಗಿ, "ಇಲ್ಲೆ ಬಾ, ಪೀಸ ಹೆಂಗೈತಿ ನೋಡು," ಎನ್ನುವನು. ರಸ್ತೆಯಲ್ಲಿ ಯಾರೇ ಎದುರಾದರೂ ಅವನ ಕಣ್ಣು ಮುಖಕ್ಕಿಂತ ಮೊದಲು ಅರಿವೆಗೆ ಹೋಗುತ್ತಿತ್ತು. ಅವ್ವ ಚೇಷ್ಟೆ ಮಾಡುತ್ತಿದ್ದಳು. "ನಿಮ್ಮಪ್ಪ ಕನ್ಯಾ ನೋಡಾಕ ಬಂದಾಗ ನನ್ನ ಮಾರಿ ನೋಡಲೇ ಇಲ್ಲ. ಸೆರಗಿನ ನೇಯ್ಗಿ ನೋಡಿ ಒಪ್ಪಿಗೊಂಡ," ಎನ್ನುತ್ತಿದ್ದಳು. ಅಪ್ಪ ಅದನ್ನು ಅಲ್ಲಗಳೆಯುತ್ತಿರಲಿಲ್ಲ.

ಹೀಗಾಗಿ ಪೀಸು ನಮ್ಮ ಮನೆಯಲ್ಲಿ ಉಪ್ಪು ಎಣ್ಣೆಯಷ್ಟು ಬಳಕೆಯ ಮಾತು. ಗೂಡಿನಲ್ಲಿ ಒಂದು ಟೈಂಪೀಸು ಇತ್ತು. ಅದು ವಾರಕ್ಕೊಮ್ಮೆ ನಿಲ್ಲುತ್ತಿತ್ತು, ನಿಂತಾಗಲೆಲ್ಲ ಅಪ್ಪ, "ಟೈಮ್ ಹೋತು, ಪೀಸ ಉಳೀತು," ಎಂದು ತಾನೇ ನಗುತ್ತಿದ್ದ. ಸಾಲಿಯಲ್ಲಿ ಚಾಕ್‌ಪೀಸು. ಎಂಟನೆಯ ಇಯತ್ತೆಯಲ್ಲಿ ಇಂಗ್ಲಿಷ್ ಮಾಸ್ತರರು ಬೋರ್ಡಿನ ಮೇಲೆ ಅದೇ ಶಬ್ದವನ್ನು ಎರಡು ರೀತಿ ಬರೆದು, "ಇದು ತುಂಡು, ಇದು ಶಾಂತಿ. ಬಾಯಾಗ ಎರಡೂ ಒಂದ, ಬರಿಯೂದು ಬ್ಯಾರೆ ಬ್ಯಾರೆ," ಎಂದರು. ನಾನು ಮನೆಗೆ ಓಡಿ ಬಂದು ಅಪ್ಪನಿಗೆ ಹೇಳಿದೆ. ಪೀಸು ಎಂದರೆ ಶಾಂತಿ ಎಂದೂ ಆಗುತ್ತದೆ ಎಂದು ಕೇಳಿ ಅವನಿಗೆ ಎಷ್ಟು ಹಿಗ್ಗಾಯಿತೆಂದರೆ, ಆ ದಿನ ಬಂದ ಗಿರಾಕಿಗಳಿಗೆಲ್ಲ ಅದನ್ನೇ ಹೇಳಿದ. "ಅದಕ್ಕ ನಮ್ಮ ಅಂಗಡ್ಯಾಗ ಜಗಳ ಆಗೂದಿಲ್ಲ ನೋಡ್ರಿ."

ಆ ಶಬ್ದಕ್ಕೆ ಹೊಲಸು ತಗಲಬಹುದೆಂದು ನನಗೆ ಮೊದಲು ಅನ್ನಿಸಿದ್ದು ಉಡಿ ತುಂಬುವ ಜಂಪರ್ ಪೀಸಿನಿಂದ. ಮನೆಗೆ ಬಂದ ಮುತ್ತೈದೆಗೆ ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆಯ ಜೊತೆ ಒಂದು ಜಂಪರ್ ಪೀಸು ಇಡುವ ಪದ್ಧತಿ. ತೆಗೆದುಕೊಂಡವಳು ಅದನ್ನು ಹೊಲಿಸುವುದಿಲ್ಲ, ಇನ್ನೊಬ್ಬಳ ಉಡಿಗೆ ಹಾಕುತ್ತಾಳೆ. ಅವಳು ಮತ್ತೊಬ್ಬಳಿಗೆ. ಒಮ್ಮೆ ಅವ್ವ ಶಾಯಿಯ ಕಲೆ ಬಿದ್ದ ಒಂದು ನೇರಳೆ ಪೀಸನ್ನು ಯಾರಿಗೋ ಕೊಟ್ಟಿದ್ದಳು. ಮುಂದಿನ ವರ್ಷ ಅದೇ ಕಲೆಯ ಅದೇ ಪೀಸು ಅವ್ವನ ಉಡಿಗೇ ಬಂತು. ಮಡಿಕೆಯಲ್ಲಿ ಯಾರಯಾರದೋ ಮನೆಯ ಅರಿಶಿನ, ಎಣ್ಣೆಯ ಬೆರಳು, ಜಿರಲೆಯ ಹಿಕ್ಕೆ. ಅವ್ವ ಅದನ್ನು ಎರಡು ಬೆರಳಲ್ಲಿ ಹಿಡಿದು, "ಊರೆಲ್ಲಾ ತಿರುಗಿ ಬಂದೈತಿ, ಹೇಸಿ," ಎಂದು ಒಲೆಯ ಮೇಲಿನ ಪಾತ್ರೆ ಇಳಿಸಲು ಇಟ್ಟುಕೊಂಡಳು. ಎಷ್ಟೋ ದಿನ ಆ ಅರಿವೆಯನ್ನು ಮುಟ್ಟಲು ನನಗೆ ಅಸಹ್ಯವಾಗುತ್ತಿತ್ತು.

ಆಮೇಲೆ ಬಾದಾಮಿ. ಮೆಟ್ರಿಕ್ ವರ್ಷ ಸಾಲಿಯಿಂದ ನಮ್ಮನ್ನು ಗುಹೆ ನೋಡಲು ಕರೆದುಕೊಂಡು ಹೋಗಿದ್ದರು. ಕೆಂಪು ಕಲ್ಲು, ಕೆಳಗೆ ಹಸಿರು ಹೊಂಡ, ಮೆಟ್ಟಿಲಿನುದ್ದಕ್ಕೂ ಮಂಗ್ಯಾಗಳು. ಒಳಗೆ ಕಂಬಕ್ಕೊರಗಿ ನಿಂತ ಕಲ್ಲಿನ ಹೆಣ್ಣುಗಳು. ಅವುಗಳ ಮೈಯೆಲ್ಲ ಒರಟು ಕೆಂಪು, ಎದೆ ಮಾತ್ರ ಎಣ್ಣೆ ಹಚ್ಚಿದ ಹಾಗೆ ಕಪ್ಪಗೆ ನುಣ್ಣಗೆ. ಯಾಕೆ ಹೀಗೆಂದು ನಾನು ಗೆಳತಿಯನ್ನು ಕೇಳಿದೆ, ಅವಳು ಉತ್ತರ ಹೇಳುವ ಮೊದಲೇ ನನಗೆ ತಿಳಿಯಿತು. ನೂರಾರು ವರ್ಷ ಬಂದು ಹೋದ ಗಂಡಸರ ಕೈ. ವಿವರಿಸುತ್ತಿದ್ದವನು ಆಗಲೇ ಒಂದು ಮೂರ್ತಿ ತೋರಿಸಿ, "ಇದು ಮಾಸ್ಟರ್ ಪೀಸ್," ಎಂದ. ಹಿಂದೆ ನಿಂತಿದ್ದ ದೊಡ್ಡ ಹುಡುಗರ ಗುಂಪೊಂದು, ಯಾವ ಊರಿನವರೋ, ಕಿಸಕ್ಕೆಂದಿತು. ಒಬ್ಬ ಮೂರ್ತಿಯನ್ನು ಬಿಟ್ಟು ನಮ್ಮ ಸಾಲನ್ನು ನೋಡುತ್ತ, "ಇಲ್ಲೂ ಅದಾವಲೇ ಪೀಸ," ಎಂದ. ಇನ್ನೊಬ್ಬ ನಮ್ಮನ್ನು ಒಬ್ಬೊಬ್ಬರನ್ನಾಗಿ ಕಣ್ಣಲ್ಲೇ ತಡವಿದ. ಅಪ್ಪ ಅಂಗಡಿಯಲ್ಲಿ ಕೂಡುವ ಗಾದಿಯ ಮೇಲಿನ ಶಬ್ದ ಅಲ್ಲಿಗೆ ಹೇಗೆ ಬಂತೆಂದು ನನಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಕುಡಿದ ಚಹಾ ಗಂಟಲಿಗೆ ಬಂತು.

ಒಮ್ಮೆ ತಿಳಿದ ಮೇಲೆ ಅದು ಎಲ್ಲ ಕಡೆಯೂ ಕೇಳತೊಡಗಿತು. ಕಾಲೇಜಿಗೆ ಹೋಗುವ ದಾರಿಯ ಪಾನಪಟ್ಟಿ ಅಂಗಡಿಯ ಮುಂದೆ, ಬಸ್ಸಿನ ಹಿಂದಿನ ಸೀಟಿನಲ್ಲಿ, ಟಾಕೀಜಿನ ಗೋಡೆಯ ಹತ್ತಿರ. ಹಳೆಯ ಪೀಸು, ಹೊಸ ಪೀಸು, ಊರು ತಿರುಗಿದ ಪೀಸು. ಅಂಗಡಿಯಲ್ಲಿ ಅಪ್ಪ ಅರಿವೆಗೆ ಹೇಳುತ್ತಿದ್ದ ಮಾತುಗಳು ಒಂದೂ ಬಿಡದೆ ರಸ್ತೆಯಲ್ಲಿ ನಮ್ಮ ಮೈಗೆ ಬರುತ್ತಿದ್ದವು. ಎಲೆ ಅಡಿಕೆ ತುಂಬಿದ ಆ ಬಾಯಿಗಳಿಂದ ಅದು ಹೊರಬೀಳುವಾಗ ಜೊತೆಗೆ ಕೆಂಪು ಉಗುಳೂ ಬೀಳುತ್ತಿತ್ತು, ಕೆಲವು ಸಲ ನಮ್ಮ ಕಾಲ ಹತ್ತಿರವೇ. ಮನೆಗೆ ಬಂದರೆ ಪರದೆಯಾಚೆ ಅಪ್ಪನ ದನಿ: "ಪೀಸ ಮುಟ್ಟಿ ನೋಡ್ರಿ, ಮುಟ್ಟಿದ್ರ ತಿಳೀತೈತಿ." ನಾನು ಕಿವಿ ಮುಚ್ಚಿಕೊಂಡು ಒಳಗೆ ಹೋಗುತ್ತಿದ್ದೆ. ಅವನಿಗೆ ಏನೂ ಗೊತ್ತಿರಲಿಲ್ಲ. ತನ್ನ ತುಂಡುಗಳ ನಡುವೆ ಕಾಲು ಮಡಚಿ ಕೂತು ಅವನಷ್ಟಕ್ಕೆ ಅವನು ನಿರ್ಮಲವಾಗಿದ್ದ.

ನಾನು ಕಾಲೇಜು ಸೇರಿದ ವರ್ಷವೇ ಅಕ್ಕನನ್ನು ನೋಡಲು ಬಾಗಲಕೋಟೆಯಿಂದ ಜನ ಬಂದರು. ಅಕ್ಕ ನನಗಿಂತ ಐದು ವರ್ಷ ದೊಡ್ಡವಳು. ಮನೆಯಲ್ಲಿ ಮಷೀನು ಇಟ್ಟುಕೊಂಡು ಹೆಂಗಸರ ಜಂಪರ್ ಹೊಲಿಯುತ್ತಿದ್ದಳು. ಮಾತು ಕಡಿಮೆ, ನಗು ಬಂದರೆ ಸೆರಗು ಬಾಯಿಗೆ. ಹುಡುಗ ಸರಕಾರಿ ನೌಕರ, ಈಗ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿರುವ ಹಳೆಯ ಬಾಗಲಕೋಟೆಯಲ್ಲಿ ಸ್ವಂತ ಮನೆ ಇದ್ದವನು. ಅಪ್ಪನಂಥ ತುಂಡು ಮಾರುವವನಿಗೆ ಇದಕ್ಕಿಂತ ದೊಡ್ಡ ಸಂಬಂಧ ಬರುವುದು ಸಾಧ್ಯವಿರಲಿಲ್ಲ. ಹುಡುಗನ ಜೊತೆ ಅವನ ಸೋದರಮಾವ ಬಂದಿದ್ದ. ದಪ್ಪ ಮೀಸೆಯ ಮನುಷ್ಯ, ಅವಲಕ್ಕಿಯನ್ನು ಅಂಗೈಯಲ್ಲಿ ಉಂಡೆ ಮಾಡಿ ಬಾಯಿಗೆ ಒಗೆದುಕೊಂಡು, ಬಾಯಿ ತೆರೆದೇ ಅಗಿಯುತ್ತಿದ್ದ. ಮೀಸೆಯಲ್ಲಿ ಒಂದು ಸಾಸಿವೆ ಕಾಳು ಸಿಕ್ಕಿತ್ತು. ಅಕ್ಕ ಚಹಾದ ತಾಟು ಹಿಡಿದು ಬಂದಾಗ ಅವನು ಅವಳನ್ನು ಕಾಲಿನಿಂದ ಶುರುಮಾಡಿ ನೋಡಿದ. ನನಗೆ ಬಾದಾಮಿಯ ಕಲ್ಲು ನೆನಪಾಯಿತು.

ನೋಡುವುದು ಮುಗಿದ ಮೇಲೆ ಗಂಡಸರು ಪರದೆ ಸರಿಸಿ ಅಂಗಡಿಗೆ ಹೋದರು. ಅಪ್ಪ ಹುಡುಗನಿಗೆ ಉಡುಗೊರೆಯಾಗಿ ಆಯೇರಿ ಕೊಡಲೆಂದು ಎರಡು ತುಂಡು ತೆಗೆದಿಟ್ಟಿದ್ದ. ಒಂದು ಪ್ಯಾಂಟಿಗೆ, ಒಂದು ಶರ್ಟಿಗೆ. ಅವನ್ನು ಗಾದಿಯ ಮೇಲೆ ಬಿಚ್ಚಿ ಹರವಿದ. ನಾನು ನೀರಿನ ತಂಬಿಗೆ ಹಿಡಿದು ಪರದೆಯ ಸಂದಿಯಲ್ಲಿ ನಿಂತಿದ್ದೆ. ನನ್ನ ಹಿಂದೆ ಪಡಸಾಲೆಯಲ್ಲಿ ಅಕ್ಕ ಬಗ್ಗಿ ತಾಟು ಎತ್ತುತ್ತಿದ್ದಳು. ಸೋದರಮಾವನ ಬೆನ್ನು ಗಾದಿಯ ಕಡೆ, ಕಣ್ಣು ನಮ್ಮ ಕಡೆ.

"ಪೀಸ ಹೆಂಗೈತೋ?" ಎಂದು ಅವನು ಹುಡುಗನನ್ನು ಕೇಳಿದ.

ಹುಡುಗನೂ ಈ ಕಡೆಯೇ ನೋಡಿದ. ಅರಿವೆಯ ಕಡೆ ಕಣ್ಣು ಹಾಯಿಸಲಿಲ್ಲ. "ಛಲೋ ಐತಿ ಮಾಮಾ," ಎಂದ. ಆಮೇಲೆ ನನ್ನ ಮೇಲೆ ಕಣ್ಣಿಟ್ಟು, "ಸಣ್ಣ ಪೀಸೂ ಕಡಿಮಿ ಇಲ್ಲ," ಎಂದ.

ಅರಿವೆಯ ಮೇಲೇ ಕಣ್ಣಿದ್ದ ಅಪ್ಪನ ಮುಖ ಅರಳಿತು. ತನ್ನ ಮಾಲನ್ನು ಬಾಗಲಕೋಟೆಯ ನೌಕರದಾರನೊಬ್ಬ ಮೆಚ್ಚಿದನೆಂದು ಎರಡೂ ಕೈಯಿಂದ ಅರಿವೆ ಸವರುತ್ತ, "ಖಾತ್ರಿ ಮಾಲ್ರಿ," ಎಂದ. "ಬಣ್ಣ ಬಿಡೂದಿಲ್ಲ, ಎಳದ್ರ ಹರಿಯೂದಿಲ್ಲ. ಬ್ಯಾರೆ ಯಾರಿಗೂ ತೋರಿಸಿಲ್ಲ, ನಿಮಗಂತ ಒಳಗ ಇಟ್ಟಿದ್ದೆ. ಎರಡೂ ತಗೊಳ್ರಿ. ಎರಡೂ ನಿಮ್ಮವ."

ಸೋದರಮಾವ ತೊಡೆ ತಟ್ಟಿಕೊಂಡು ನಕ್ಕ. ಹುಡುಗ ತಲೆ ತಗ್ಗಿಸಿ ಭುಜ ಕುಣಿಸುತ್ತ ನಕ್ಕ. "ಮಾವನವರು ಭಾಳ ದೊಡ್ಡ ಮನಸಿನವರು ಬಿಡಪಾ, ಎರಡೂ ನಿಮ್ಮವ ಅಂತಾರ," ಎಂದು ಸೋದರಮಾವ ಎದ್ದು ಬಾಗಿಲಿಗೆ ಹೋಗಿ ನಮ್ಮ ಗಟಾರಕ್ಕೆ ಕೆಂಪಗೆ ಉಗುಳಿ ಬಂದು ಮತ್ತೆ ನಕ್ಕ. ಅವರು ನಕ್ಕರೆಂದು ಅಪ್ಪನೂ ನಕ್ಕ. ಆ ಮೂವರ ನಗುವಿನಲ್ಲಿ ಕೇಳಲಾರದ ನಗು ಅಪ್ಪನದೇ ಆಗಿತ್ತು. ಅಂದು ಸಂಜೆಯೊಳಗೆ ಸಕ್ಕರೆ ಹಂಚಿ ಮಾತು ಗಟ್ಟಿ ಮಾಡಿ ಅವರು ಹೋದರು.

ಅಷ್ಟಕ್ಕೇ ಮುಗಿದಿದ್ದರೆ ನಾನು ನುಂಗಿಕೊಳ್ಳುತ್ತಿದ್ದೆನೋ ಏನೋ. ಅಪ್ಪ ಅದನ್ನು ಪೇಟೆಗೆಲ್ಲ ಹೇಳಲು ಶುರುಮಾಡಿದ. "ನನ್ನ ಅಳಿಯಗ ಅರಿವಿ ಗುಣಾ ಹಿಡಿಯೂ ಪಾರಖ ಭಾಳ ಐತಿ. ಬಂದವನ ಪೀಸ ಛಲೋ ಐತಿ ಅಂದ. ಸಣ್ಣ ಪೀಸೂ ಕಡಿಮಿ ಇಲ್ಲ ಅಂದ. ಎರಡೂ ತಗೊಳ್ರಿ ಅಂದೆ." ಎದುರಿನ ಅಂಗಡಿಯವನಿಗೆ ಹೇಳಿದ, ಚಹಾದವನಿಗೆ ಹೇಳಿದ, ನೂಲು ತರುವವನಿಗೆ ಹೇಳಿದ. ಕೆಲವರು ಹೌದೌದು ಎಂದರು. ಕೆಲವರ ತುಟಿಯ ಮೂಲೆ ಸೊಟ್ಟಗಾದದ್ದು ನನಗೆ ಪರದೆಯ ಸಂದಿಯಿಂದ ಕಂಡಿತು. ಹೇಳಿದಷ್ಟೂ ಸಲ ನನಗೆ ನನ್ನ ಮೈಯನ್ನು ಯಾರೋ ಎಂಜಲು ಕೈಯಲ್ಲಿ ಒರೆಸಿದಂತೆ ಆಗುತ್ತಿತ್ತು. ನಾನು ಅನ್ನ ಬಿಟ್ಟೆ. ಅವ್ವ ದೃಷ್ಟಿ ತೆಗೆದಳು.

ಮೂರು ನಾಲ್ಕು ದಿನ ತಡೆದು ಅಕ್ಕನಿಗೆ ಹೇಳಿದೆ. ಅವಳು ಮಷೀನಿನ ಮುಂದೆ ಕೂತು ತೋಳು ಕೂಡಿಸುತ್ತಿದ್ದಳು. ಅವರಿಬ್ಬರೂ ಅಂದದ್ದನ್ನು ಹೇಳಿದೆ. ಗಾಲಿ ನಿಂತಿತು.

"ಆ ಮಾತು ನನಗೂ ಗೊತ್ತೈತಿ," ಎಂದಳು. ದಾರ ಕತ್ತರಿಸಿ, "ಅಪ್ಪ ಏನಂದ?" ಎಂದು ಕೇಳಿದಳು.

ಅದನ್ನೂ ಹೇಳಿದೆ. ಅಪ್ಪನ ಒಂದೊಂದು ಮಾತು ಹೇಳುವಾಗಲೂ ಅವಳ ಮುಖದ ಬಣ್ಣ ಇಳಿಯುತ್ತ ಹೋಯಿತು. ಪೇಟೆಗೆಲ್ಲ ಅವನು ಸಾರುತ್ತಿದ್ದ ಕಥೆಯ ಒಳಗೆ ಏನಿತ್ತೆಂಬುದು ಅವಳಿಗೆ ಆಗ ತಿಳಿಯಿತು.

"ನನಗಂದ್ರ ಅನ್ನಲಿ," ಎಂದಳು. "ಹೊಲಸ ಬಾಯಿ, ಹೊಲಸ ಮಾತು, ಒಗದ್ರ ಹೋಗ್ತೈತಿ. ಆದ್ರ ಅಪ್ಪನ್ನ ಮುಂದ ಕೂಡಿಸಿಕೊಂಡು, ಅಪ್ಪನ ಬಾಯಿಂದ ಅನಿಸಿ ನಕ್ಕಾರಲ್ಲ. ಆ ಮನಿಗೆ ನಾ ಹೋಗೂದಿಲ್ಲ."

"ಹಂಗಾರ ಅಪ್ಪಗ ಹೇಳೂಣು."

"ಏನಂತ ಹೇಳ್ತಿ? ಅಂವ ದಿನಾ ಬೆಳಗಾದ್ರ ಗಾದಿ ಮ್ಯಾಲೆ ಕುಂತು ಅದ ಮಾತು ಅನ್ನಬೇಕು. ತಿಳಿದ ಮ್ಯಾಲೆ ಹೆಂಗ ಅಂತಾನ? ಎರಡೂ ತಗೊಳ್ರಿ ಅಂತ ತಾನ ಅಂದದ್ದು ನೆನಸಿಕೊಂಡ್ರ ಅಂವ ಉಂಡ ಅನ್ನ ದಕ್ಕಸ್ಕೊತಾನೇನು? ಬ್ಯಾಡ. ಅಪ್ಪಗ ಇದು ತಿಳೀಬಾರದು. ನೀ ಬಾಯಿ ಬಿಟ್ಟಿ ಅಂದ್ರ ನನ್ನ ಆಣಿ."

ಆ ರಾತ್ರಿಯ ಊಟಕ್ಕೆ ಎಲ್ಲರೂ ಕೂತಾಗ ಅಕ್ಕ, ಈ ಸಂಬಂಧ ಒಲ್ಲೆ ಎಂದಳು. ಅಪ್ಪ ಮೊದಲು ನಕ್ಕ, ಹುಡುಗಿ ನಾಚಿಕೊಂಡು ಅನ್ನುತ್ತಿದ್ದಾಳೆ ಎಂದುಕೊಂಡ. ಅವಳು ಮತ್ತೆ ಒಲ್ಲೆ ಎಂದಳು. ಕಾರಣ ಕೇಳಿದ. ಕಾರಣವಿಲ್ಲ, ಒಲ್ಲೆ. ಅಪ್ಪನ ತುತ್ತು ಕೈಯಲ್ಲೇ ಉಳಿಯಿತು. "ಮಾತು ಕೊಟ್ಟೇನಿ ನಾ. ಕತ್ತರಿ ಹಾಕಿದ ಮಾಲು ತಿರಗಿ ತಗೋಬಾರದು, ಕೊಡಬಾರದು. ಅದನ್ನ ಗ್ವಾಡಿ ಮ್ಯಾಲೆ ಬರಸೇನಿ," ಎಂದ. ಅವ್ವ ಅತ್ತಳು, ಬೈದಳು, ದೇವರ ಮುಂದೆ ಕೂಡಿಸಿ ಕೇಳಿದಳು. ಅಕ್ಕ ನೆಲ ನೋಡುತ್ತ ಕೂತಳು. ಅವಳ ಮನಸ್ಸಿನಲ್ಲಿ ಬೇರೆ ಯಾರಾದರೂ ಇದ್ದಾರೇನೋ ಎಂದು ಅವ್ವನಿಗೇ ಸಂಶಯ ಬಂತು.

ಊರಿನ ಬಾಯಿಗೆ ಬೀಗ ಇಲ್ಲ. ಅರಿವೆ ಕೊಳ್ಳುವ ನೆವದಲ್ಲಿ ಬಂದ ಹೆಂಗಸರು ಪರದೆಯ ಕಡೆ ಕತ್ತು ಚಾಚಿ, "ಹಿರೇಕಿ ಯಾಕ ಒಲ್ಲೆ ಅಂದ್ಲಂತ?" ಎಂದು ಕೇಳುತ್ತಿದ್ದರು. ಕೇಳುವಾಗ ಅವರ ಕಣ್ಣು ಅವಳ ಹೊಟ್ಟೆಯನ್ನು ತಡಕುತ್ತಿತ್ತು. ಸಕ್ಕರೆ ಹಂಚಿ ಬಿಟ್ಟ ಹುಡುಗಿಯನ್ನು ಇನ್ನು ಯಾರು ಕೇಳುತ್ತಾರೆ, ಅಪ್ಪನ ಅಂಗಡಿಯಲ್ಲಿ ಅದೂ ಒಂದು ಕಟ್‌ಪೀಸು ಎಂದು ಒಬ್ಬಳು ಬಾವಿಕಟ್ಟೆಯಲ್ಲಿ ನಕ್ಕಿದ್ದಳಂತೆ. ಅಂದವಳ ಮೈಮೇಲಿನ ಜಂಪರು ಅಕ್ಕನೇ ಹೊಲಿದದ್ದು. ಗಂಡಸರದು ಒಂದು ಹೊಲಸಾದರೆ ಇದು ಇನ್ನೊಂದು. ಇದು ಅರಿಶಿನ ಕುಂಕುಮ ಹಚ್ಚಿಕೊಂಡು ಬರುತ್ತದೆ. ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಳು. ಕಣ್ಣಲ್ಲಿ ಒಂದು ಹನಿ ತರಲಿಲ್ಲ. ತೋಳು ಕೂಡಿಸುತ್ತ, ಕಾಜ ಮಾಡುತ್ತ, ಕೂತಲ್ಲೇ ಕೂತಳು.

ಕೊನೆಗೆ ಅಪ್ಪ ತಾನೇ ಬಾಗಲಕೋಟೆಗೆ ಹೋಗುವುದೆಂದು ಎದ್ದ. ಬೀಗರ ಕಾಲು ಹಿಡಿದು ಒಂದು ತಿಂಗಳ ವಾಯಿದೆ ಕೇಳುವುದು, ಅಷ್ಟರೊಳಗೆ ಮಗಳ ಮನಸ್ಸು ತಿರುಗಿಸುವುದು ಎಂದು ಅವನ ಲೆಕ್ಕ. ಹುಡುಗನಿಗೆ ಕೊಡಲು ಅಂಗಡಿಯಲ್ಲಿದ್ದ ಮಾಲಿನಲ್ಲೇ ಬಹಳ ಉತ್ತಮವಾದ ಒಂದು ಸೂಟ್ ಪೀಸು ತೆಗೆದು ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದ. ನನ್ನನ್ನೂ ಕರೆದುಕೊಂಡ. ಅಕ್ಕನ ಮನಸ್ಸಿನ ಮಾತು ನನಗೆ ಗೊತ್ತಿರುತ್ತದೆ, ದಾರಿಯಲ್ಲಿ ಬಾಯಿ ಬಿಡಿಸಬಹುದು ಎಂದುಕೊಂಡಿರಬೇಕು. ಹೊರಡುವಾಗ ಅಕ್ಕ ನನ್ನ ಕೈ ಹಿಂಡಿದಳು. ಯಾಕೆಂದು ನನಗೆ ಗೊತ್ತಿತ್ತು.

ಆಗ ನಾವು ಹುನಗುಂದದಲ್ಲಿ ಇಳಿದು ಬಸ್ಸು ಬದಲಿಸಬೇಕಾಯಿತು. ಬಸ್ ಸ್ಟ್ಯಾಂಡಿನ ವಾಸನೆ ಇಂದಿಗೂ ನನ್ನ ಮೂಗಿನಲ್ಲಿದೆ. ಮೂತ್ರ, ಹಳೆಯ ಎಣ್ಣೆಯಲ್ಲಿ ಕರಿದ ಮಿರ್ಚಿ, ಬೀಡಿ. ಗೋಡೆಯ ಬುಡದಿಂದ ಆಳೆತ್ತರದವರೆಗೆ ಉಗುಳಿನ ಕೆಂಪು. ನಾವು ಕಲ್ಲಿನ ಬೆಂಚಿನ ಮೇಲೆ ಕೂತೆವು. ಅಪ್ಪ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಿದ್ದ, ನೆಲಕ್ಕಿಟ್ಟರೆ ಸೂಟ್ ಪೀಸಿಗೆ ಹೊಲಸು ಹತ್ತೀತೆಂದು. ಹತ್ತಿರದ ಪಾನಪಟ್ಟಿಯ ಮುಂದೆ ನಾಲ್ಕೈದು ಮಂದಿ ಗಂಡಸರು ನಿಂತಿದ್ದರು. ಒಬ್ಬ ಹೆಣ್ಣುಮಗಳು ಕೊಡೆ ಹಿಡಿದು, ಎದೆಗೆ ಪುಸ್ತಕ ಒತ್ತಿಕೊಂಡು, ನಮ್ಮ ಮುಂದೆ ಹಾದು ಹೋದಳು. ಯಾವುದೋ ಹಳ್ಳಿಯ ಸಾಲಿಯಲ್ಲಿ ಕಲಿಸುವ ಅಕ್ಕೋರು ಇದ್ದಂತೆ ಇದ್ದಳು.

"ಏನ್ ಪೀಸ ಐತ್ಲೇ," ಎಂದ ಒಬ್ಬ.

ಅಪ್ಪನ ತಲೆ ತಟ್ಟನೆ ಮೇಲೆದ್ದಿತು. ಜೀವಮಾನವೆಲ್ಲ ಆ ಶಬ್ದಕ್ಕೆ ತಿರುಗಿದ ಕತ್ತು, ತಿರುಗಿತು. ಅವನು ಆ ಹೆಣ್ಣುಮಗಳ ಸೀರೆಯನ್ನು ನೋಡಿದ. ಸೆರಗು ನೋಡಿದ, ನೆರಿಗೆ ನೋಡಿದ, ಅಂಚು ನೋಡಿದ. ನನ್ನ ಕಡೆ ಬಗ್ಗಿ, "ಹಳೇ ವಾಯಿಲ್ ಐತಿ," ಎಂದ. "ಅಂಚು ಬ್ಯಾರೆ ಹರದೈತಿ. ಇದನ್ಯಾಕ ಅಷ್ಟ ಹೊಗಳಾಕ ಹತ್ಯಾರ ಇವರು?"

ಹೇಳುತ್ತ ಮತ್ತೊಮ್ಮೆ ನೋಡಿದ. ಆ ಹೆಣ್ಣುಮಗಳು ತಿರುಗಿದಳು. ನರೆತ ತಲೆಯ, ಹಣೆಗೆ ವಿಭೂತಿ ಹಚ್ಚಿದ ಮನುಷ್ಯನೊಬ್ಬ ತನ್ನನ್ನು ಮೇಲಿಂದ ಕೆಳಗೆ ನೋಡುತ್ತಿರುವುದು ಕಂಡಿತು. ಸೆರಗನ್ನು ಎರಡೂ ಭುಜಕ್ಕೆ ಎಳೆದುಕೊಂಡಳು. ಅವಳ ಮುಖದಲ್ಲಿ ಅಸಹ್ಯವಿತ್ತು. ಪಾನಪಟ್ಟಿಯ ಕಡೆ ಬೀರಬೇಕಾದ ನೋಟವನ್ನು ಅವಳು ನಮ್ಮಪ್ಪನ ಕಡೆ ಬೀರಿ ಸರಸರ ನಡೆದುಬಿಟ್ಟಳು.

"ಕಾಕಾನೂ ನೋಡಾಕ ಹತ್ಯಾನಲೇ," ಎಂದ ಇನ್ನೊಬ್ಬ. "ಮುದುಕಗೂ ಪೀಸ ಬೇಕಂತ."

ಅವರು ನಕ್ಕರು. ಒಬ್ಬ ತೊಡೆ ತಟ್ಟಿಕೊಂಡ, ಒಬ್ಬ ಭುಜ ಕುಣಿಸಿದ, ಒಬ್ಬ ಕೆಂಪಗೆ ಉಗುಳಿ ಮತ್ತೆ ನಕ್ಕ. ಅಪ್ಪ ಆ ನಗುವನ್ನು ಗುರುತು ಹಿಡಿದ. ಶಬ್ದಕ್ಕಿಂತ ಮೊದಲು ಅವನಿಗೆ ನಗು ಸಿಕ್ಕಿತು, ಅದು ನನಗೆ ಚೆನ್ನಾಗಿ ಕಂಡಿತು. ಅವನ ಕಣ್ಣು ಮುಂದಿನ ಗೋಡೆಯ ಮೇಲೆ ನಿಂತಿತು. ತುಟಿ ಮಾತ್ರ ಅಲ್ಲಾಡುತ್ತಿತ್ತು, ಹಳೆಯ ಮಾತುಗಳನ್ನು ಒಂದೊಂದಾಗಿ ತಿರುಗಿಸಿ ನೋಡುವಂತೆ.

"ಅವತ್ತ ಅಂಗಡ್ಯಾಗ," ಎಂದ. "ಅವತ್ತೂ ಇದ ಅರ್ಥದಾಗ ಅಂದಿದ್ರೇನು?"

ಅಕ್ಕನ ಆಣೆ ನನ್ನ ಬಾಯಿ ಕಟ್ಟಿತ್ತು. ನಾನು ಹೂಂ ಎನ್ನಲಿಲ್ಲ, ಇಲ್ಲವೆನ್ನಲೂ ಆಗಲಿಲ್ಲ. ತಲೆ ತಗ್ಗಿಸಿದೆ.

"ಸಣ್ಣ ಪೀಸ ಅಂದ್ರ..." ಎಂದು ನನ್ನನ್ನು ನೋಡಿದ. ಮುಗಿಸಲಿಲ್ಲ. ಯಾರಿಗೋ ದೂರು ಹೇಳುವ ದನಿಯಲ್ಲಿ, "ಎರಡೂ ತಗೊಳ್ರಿ ಅಂದೆ ನಾ," ಎಂದ.

ಎದ್ದು ಬಸ್ ಸ್ಟ್ಯಾಂಡಿನ ಹಿಂದಕ್ಕೆ ನಡೆದ. ಗೋಡೆಗೆ ಕೈ ಕೊಟ್ಟು, ಬೆಳಿಗ್ಗೆ ಉಂಡದ್ದನ್ನೆಲ್ಲ ಕಾರಿದ. ಹೊಟ್ಟೆಯಲ್ಲಿ ಏನೂ ಉಳಿಯದಿದ್ದರೂ ಒಣ ಓಕರಿಕೆ ನಿಲ್ಲಲಿಲ್ಲ. ನಾನು ಬೆನ್ನು ಸವರಲು ಹೋದೆ, ಕೈಯಾಡಿಸಿ ದೂರ ನಿಲ್ಲಲು ಹೇಳಿದ. ಆಮೇಲೆ ಚೀಲಕ್ಕೆ ಕೈ ಹಾಕಿ ಪೇಪರು ಹರಿದು ಆ ಸೂಟ್ ಪೀಸು ತೆಗೆದ. ಒಂದು ಗೇಣು ಅರಿವೆಯನ್ನೂ ವ್ಯರ್ಥ ಮಾಡದ ಮನುಷ್ಯ ಅದರಿಂದ ಬಾಯಿ ಒರೆಸಿಕೊಂಡ, ಮೀಸೆ ಒರೆಸಿಕೊಂಡ, ಕೈ ಒರೆಸಿಕೊಂಡ. ರೂಢಿಯಂತೆ ಮಡಿಕೆಗೆ ಮಡಿಕೆ ಕೂಡಿಸಿ ಮಡಚಿದ. ಗೋಡೆಯ ಬುಡದ ಆ ಉಗುಳಿನ ಮೇಲೆ ಇಟ್ಟು ಬಂದ.

ಬಾಗಲಕೋಟೆಯ ಬಸ್ಸು ಬಂದು ನಿಂತಿತ್ತು. ಕಂಡಕ್ಟರ್ ಅಮೀನಗಡ, ಶಿರೂರು, ಬಾಗಲಕೋಟಿ ಎಂದು ಕೂಗುತ್ತಿದ್ದ.

"ಅಪ್ಪಾ, ಬಸ್ ಬಂತು," ಎಂದೆ.

"ಇಳಕಲ್ಲ ಬಸ್ಸ ಎಲ್ಲಿ ನಿಂದರ್ತೈತಿ, ಕೇಳಿ ಬಾ," ಎಂದ.

ನಾವು ಇಳಕಲ್ಲಿನ ಬಸ್ಸು ಹತ್ತಿದೆವು. ಊರು ಹತ್ತಿರ ಬಂದಾಗ, "ನಿಮ್ಮಕ್ಕಗ ಗೊತ್ತೈತೇನು?" ಎಂದು ಕೇಳಿದ. ನಾನು ಹೌದೆಂದು ತಲೆಯಾಡಿಸಿದೆ. "ಅದಕ್ಕ ಒಲ್ಲೆ ಅಂದ್ಲು," ಎಂದು ತನಗೆ ತಾನೇ ಹೇಳಿಕೊಂಡ. ಇಳಿಯುವ ಮುಂಚೆ, "ನನಗ ತಿಳದದ್ದು ಆಕಿಗೆ ತಿಳೀಬಾರದು," ಎಂದ. ನನಗೆ ಎರಡೂ ಕಡೆಯಿಂದ ಅದೇ ಆಣೆ. ಮನೆಯಲ್ಲಿ ಅವ್ವ ಏನಾಯಿತೆಂದು ಕೇಳಿದರೆ, "ಅಲ್ಲಿ ಹೋಗಲಿಲ್ಲ. ಹುಡುಗಿ ಒಲ್ಲೆ ಅಂದ್ರ ಒಲ್ಲೆ. ಇನ್ನ ಆ ಮಾತ ಬ್ಯಾಡ," ಎಂದಷ್ಟೇ ಹೇಳಿ ಮಲಗಿದ. ಅಕ್ಕ ನನ್ನನ್ನು ನೋಡಿದಳು, ನಾನು ಏನೂ ಹೇಳಿಲ್ಲ ಎಂದು ಕಣ್ಣಲ್ಲೇ ತಿಳಿಸಿದೆ. ಅಪ್ಪ ತನ್ನಷ್ಟಕ್ಕೆ ತಾನೇ ಮೆತ್ತಗಾದನೆಂದು ಅವಳ ಮುಖ ಎಷ್ಟೋ ದಿನಗಳ ಮೇಲೆ ಸ್ವಲ್ಪ ತಿಳಿಯಾಯಿತು. ಅವನ ಹಾಸಿಗೆಯ ಹತ್ತಿರ ನೀರಿನ ತಂಬಿಗೆ ಇಟ್ಟು ಬಂದಳು.

ಮರುದಿನ ಬೆಳಿಗ್ಗೆ ಅಕ್ಕ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ನಾನು ಪಕ್ಕದಲ್ಲಿ ಹಿಟ್ಟು ಸಾಣಿಸುತ್ತಿದ್ದೆ. ಪರದೆಯಾಚೆ ಅಪ್ಪ ಅಂಗಡಿಯ ಕದ ತೆಗೆದದ್ದು, ಗಾದಿ ಝಾಡಿಸಿದ್ದು ಕೇಳಿಸಿತು. ಮೊದಲ ಗಿರಾಕಿಯಾಗಿ ಒಬ್ಬ ಹೆಂಗಸು ಬಂದಳು.

"ಕಾಕಾ, ಉಡಿ ತುಂಬಾಕ ಎರಡ ಜಂಪರ್ ಪೀಸ ಕೊಡ್ರಿ."

ಅಪ್ಪ ತಕ್ಷಣ ಉತ್ತರ ಕೊಡಲಿಲ್ಲ. ಅಷ್ಟು ವರ್ಷಗಳಲ್ಲಿ ಆ ಮಾತಿಗೆ ಅವನು ತಡ ಮಾಡಿದ್ದನ್ನು ನಾವು ಕೇಳಿರಲಿಲ್ಲ. ಅಕ್ಕನ ಕೈ ನಿಧಾನವಾಯಿತು.

"ಕುಪ್ಪಸದ ಅರಿವಿ ಐತಿ, ಯವ್ವಾ," ಎಂದ ಅಪ್ಪ. "ತೋರಿಸ್ಲೇನು?"

"ಅದ ರೀ, ಪೀಸ."

"ಅರಿವಿ, ಯವ್ವಾ. ಅರಿವಿ ಐತಿ."

ಅಕ್ಕನ ಕೈ ಹಿಟ್ಟಿನ ಮೇಲೆ ನಿಂತುಬಿಟ್ಟಿತು. "ನೀ ಹೇಳಿದೇನು?" ಎಂದು ಪಿಸುಗುಟ್ಟಿದಳು. ಇಲ್ಲವೆಂದೆ. ಹಂಚಿನ ಮೇಲಿನ ರೊಟ್ಟಿ ಕರಕಲು ವಾಸನೆ ಹೊಡೆಯುತ್ತಿತ್ತು, ಇಬ್ಬರೂ ತೆಗೆಯಲಿಲ್ಲ. ಊರೆಲ್ಲ ಆಡಿಕೊಂಡಾಗ ಒಂದು ಹನಿ ತರದವಳು ಹಿಟ್ಟಿನ ಕೈಯನ್ನೇ ಬಾಯಿಗೆ ಒತ್ತಿಕೊಂಡು ಅತ್ತಳು, ಪರದೆಯಾಚೆ ಅಪ್ಪನಿಗೆ ಕೇಳಬಾರದೆಂದು.